ಗೆದ್ದ ಪ್ರಾಂತ್ಯವನ್ನು ಆಡಳಿತಕ್ಕೆ ಸೇರಿಸುವುದು: ಒಂದು ವಿಡಿಯೊ ಗೇಮ್ ಆಧರಿಸಿದ ರೇಖಾತ್ಮಕ ಸಮೀಕರಣದ ಪಾಠ

ಪೀಠಿಕೆ

ಒಂಬತ್ತನೇ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳು’ ಘಟಕಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಉದಾಹರಣೆಗಳು ಮೂರು: ಪೆನ್ನು ಪುಸ್ತಕದ ಬೆಲೆ, ಆಟೊ ಬಾಡಿಗೆ, ತಂದೆ ಮಗನ ವಯಸ್ಸು. ಇವು ಮಕ್ಕಳಿಗೆ ಬೇಗ ಅರ್ಥವಾಗುತ್ತವೆ, ಸಮೀಕರಣ ಬರೆಯುವ ಅಭ್ಯಾಸವೂ ಆಗುತ್ತದೆ. ಆದರೆ ಇವುಗಳಲ್ಲಿ ಸಂಖ್ಯೆ ಮೊದಲೇ ಸಿದ್ಧವಾಗಿ ಬಂದಿರುತ್ತದೆ. ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಕೊಟ್ಟ ಮೇಲೆ ಅದನ್ನು ಪ್ರಶ್ನಿಸುವ ಅಗತ್ಯ ಯಾರಿಗೂ ಬೀಳುವುದಿಲ್ಲ. ನಾಳೆ ಇದೇ ಮಕ್ಕಳು ಬೆಳೆ ಅಂದಾಜು, ಜನಸಂಖ್ಯೆಯ ಮುನ್ನೋಟ, ಸಾಲದ ಕಂತು, ನೀರಿನ ಹಂಚಿಕೆ ಮುಂತಾದ ಲೆಕ್ಕಗಳನ್ನು ಎದುರಿಸುತ್ತಾರೆ. ಅಲ್ಲಿ ‘ವರ್ಷಕ್ಕೆ ಇಷ್ಟು ಏರುತ್ತದೆ, ಇಷ್ಟು ಇಳಿಯುತ್ತದೆ’ ಎಂಬುದನ್ನು ಯಾರೋ ಒಬ್ಬರು ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಯಾವುದರ ಮೇಲೆ ನಿಂತಿದೆ ಎಂದು ಕೇಳುವ ಅಭ್ಯಾಸವೂ ಗಣಿತದ ಕಲಿಕೆಯೇ.

ಈ ಉದ್ದೇಶದಿಂದ ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಒಂದು ಚಾರಿತ್ರಿಕ ತಂತ್ರಗಾರಿಕೆಯ ವಿಡಿಯೊ ಗೇಮ್‌ನ ನಿಯಮಗಳನ್ನು ಆಧಾರವಾಗಿಟ್ಟುಕೊಂಡು 40 ನಿಮಿಷಗಳ ಮೂರು ಅವಧಿಯ ಪಾಠವನ್ನು ಯೋಜಿಸಿದೆ. ಪಾಠ ಹೇಗೆ ನಡೆಯಿತು, ಮಕ್ಕಳು ಏನು ಕಂಡುಕೊಂಡರು, ಇದನ್ನು ಬಳಸಬಯಸುವವರು ಯಾವುದನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಆಟದ ಪರಿಚಯ

ಆಟದ ಹೆಸರು ‘ಯೂರೋಪಾ ಯೂನಿವರ್ಸಾಲಿಸ್ ನಾಲ್ಕು’. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಇದನ್ನು 2013ರಲ್ಲಿ ಬಿಡುಗಡೆ ಮಾಡಿತು. ಆಟಗಾರ ಒಂದು ರಾಜ್ಯವನ್ನು ಆರಿಸಿಕೊಂಡು 1444ರ ನವೆಂಬರ್ 11ರಿಂದ 1821ರವರೆಗೆ ನಡೆಸುತ್ತಾನೆ. ಆರಂಭದ ದಿನಾಂಕಕ್ಕೆ ಕಾರಣವಿದೆ: ಅದರ ಹಿಂದಿನ ದಿನವೇ ವಾರ್ನಾ ಕದನದಲ್ಲಿ ಒಟ್ಟೋಮನ್ ತುರ್ಕರು ಹಂಗೇರಿ ಪೋಲೆಂಡ್‌ಗಳ ಸೇನೆಯನ್ನು ಸೋಲಿಸಿದ್ದರು. ಆ ದಿನದ ಭೂಪಟದಲ್ಲಿ ನಮ್ಮ ವಿಜಯನಗರ ಮತ್ತು ಬಹಮನಿ ರಾಜ್ಯಗಳೂ ಇವೆ.

ಇಂಥ ಆಟಗಳಲ್ಲಿ ಯುದ್ಧ ಗೆಲ್ಲುವುದು ಅರ್ಧ ಕೆಲಸ ಮಾತ್ರ. ಗೆದ್ದ ಪ್ರಾಂತ್ಯವನ್ನು ಆಡಳಿತದೊಳಕ್ಕೆ ಸೇರಿಸಿಕೊಳ್ಳುವುದು ಇನ್ನರ್ಧ, ಮತ್ತು ಅದೇ ಹೆಚ್ಚು ಕಷ್ಟದ್ದು. ಪಾಠಕ್ಕೆ ಬೇಕಾದ ನಿಯಮಗಳು ಇವು.

ಪ್ರತಿ ಪ್ರಾಂತ್ಯಕ್ಕೂ ಅದರ ತೆರಿಗೆ, ಉತ್ಪಾದನೆ, ಸೈನಿಕ ಬಲಗಳನ್ನು ಸೇರಿಸಿದ ‘ಅಭಿವೃದ್ಧಿ ಅಂಕ’ ಇರುತ್ತದೆ. ಗೆದ್ದ ಪ್ರಾಂತ್ಯ ತಕ್ಷಣ ‘ಕೋರ್’, ಅಂದರೆ ಸ್ವಂತ ಪ್ರಾಂತ್ಯ, ಆಗುವುದಿಲ್ಲ. ಅದಕ್ಕೆ ಪ್ರತಿ ಅಭಿವೃದ್ಧಿ ಅಂಕಕ್ಕೆ ಮೂಲದರದಲ್ಲಿ 10ರಂತೆ ‘ಆಡಳಿತ ಶಕ್ತಿ’ ವೆಚ್ಚ ಮಾಡಬೇಕು. ಆಡಳಿತ ಶಕ್ತಿ ತಿಂಗಳಿಗೆ ಇಷ್ಟೇ ಎಂದು ಹುಟ್ಟುತ್ತದೆ: ಮೂಲವಾಗಿ 3, ಅದಕ್ಕೆ ದೊರೆಯ ಸಾಮರ್ಥ್ಯದ ಅಂಕ (0ರಿಂದ 6), ಮಂತ್ರಿಯ ಅಂಕ ಸೇರುತ್ತವೆ. ಕೋರ್ ಆಗದ ಪ್ರಾಂತ್ಯಗಳು ಹೆಚ್ಚಾದಷ್ಟೂ ‘ಅತಿವಿಸ್ತರಣೆ’ ಏರುತ್ತದೆ, ಅದು ಶೇ. 100 ದಾಟಿದರೆ ದಂಗೆ, ಅರಾಜಕತೆಯ ಘಟನೆಗಳು ಒಂದರ ಮೇಲೊಂದು ಬರುತ್ತವೆ. ಹೊಸದಾಗಿ ಗೆದ್ದ ನೆಲದಲ್ಲಿ 30 ವರ್ಷಗಳ ‘ಪ್ರತ್ಯೇಕತಾ ಭಾವ’ ಇರುತ್ತದೆ; ಉಳಿದ ಪ್ರತಿ ವರ್ಷಕ್ಕೂ ಅಶಾಂತಿ 0.5ರಂತೆ ಸೇರುತ್ತದೆ. ಪ್ರಾಂತ್ಯಕ್ಕೆ ಶೇ. 25ರಷ್ಟು ಹೆಚ್ಚು ಸ್ವಾಯತ್ತತೆ ಕೊಟ್ಟರೆ ಅಶಾಂತಿ 10 ಅಂಕ ಇಳಿಯುತ್ತದೆ, ಆದರೆ ತೆರಿಗೆ ಅದೇ ಪ್ರಮಾಣದಲ್ಲಿ ಕೈತಪ್ಪುತ್ತದೆ. ನೇರವಾಗಿ ಸೇರಿಸಿಕೊಳ್ಳುವ ಬದಲು ಗೆದ್ದ ನೆಲವನ್ನು ಸಾಮಂತನಿಗೆ ಒಪ್ಪಿಸಿ, ಕನಿಷ್ಠ 10 ವರ್ಷಗಳ ನಂತರ ಆ ಸಾಮಂತ ರಾಜ್ಯವನ್ನೇ ವಿಲೀನ ಮಾಡಿಕೊಳ್ಳಬಹುದು. ಅದಕ್ಕೆ ಪ್ರತಿ ಅಂಕಕ್ಕೆ ಮೂಲದರದಲ್ಲಿ 8ರಂತೆ ‘ರಾಜತಾಂತ್ರಿಕ ಶಕ್ತಿ’ ಬೇಕು.

ಆಟದಲ್ಲಿ ಈ ದರಗಳನ್ನು ಹೆಚ್ಚು ಕಡಿಮೆ ಮಾಡುವ ಉಪನಿಯಮಗಳು ಬಹಳ ಇವೆ. ತರಗತಿಗೆ ಮೂಲದರಗಳನ್ನಷ್ಟೇ ಇಟ್ಟುಕೊಂಡೆ. ಕೋರ್ ಮಾಡಲು ಹಿಡಿಯುವ ಕಾಲವನ್ನೂ ಕೈಬಿಟ್ಟು, ಶಕ್ತಿ ಕೂಡಿದ ತಿಂಗಳೇ ಪ್ರಾಂತ್ಯ ಸೇರಿತು ಎಂದು ಹಿಡಿದೆ.

ಪಾಠದ ಚೌಕಟ್ಟು

ಕಲಿಕಾ ಫಲಗಳು: (1) ದೈನಂದಿನ ಭಾಷೆಯಲ್ಲಿರುವ ನಿಯಮವನ್ನು ರೇಖಾತ್ಮಕ ಸಮೀಕರಣವಾಗಿ ಬರೆಯುವುದು. (2) ಅದರ ನಕ್ಷೆ ಎಳೆದು ಇಳಿಜಾರು ಮತ್ತು ಅಕ್ಷವನ್ನು ಕತ್ತರಿಸುವ ಬಿಂದುಗಳ ಅರ್ಥ ಹೇಳುವುದು. (3) ಒಂದು ಸಮೀಕರಣಕ್ಕೆ ಅನೇಕ ಪರಿಹಾರಗಳಿರುವುದನ್ನು ಗುರುತಿಸುವುದು. (4) ಗಣಿತೀಯ ಮಾದರಿಯನ್ನು ನಡೆದ ಸಂಗತಿಯೊಂದಿಗೆ ಹೋಲಿಸಿ, ಮಾದರಿ ಏನನ್ನು ಬಿಟ್ಟಿದೆ ಎಂದು ಹೇಳುವುದು.

ಉಪಕರಣಗಳು: ನಕ್ಷಾಹಾಳೆ, ಮೂರು ಬಣ್ಣದ ರಟ್ಟಿನ ಕಾರ್ಡುಗಳು, ಬಾಲ್ಕನ್ ಪ್ರದೇಶದ ಕೈಬರಹದ ಭೂಪಟ, ಚಟುವಟಿಕೆ ಹಾಳೆ. ಕಂಪ್ಯೂಟರ್ ಬಳಸಲಿಲ್ಲ. ಆಟವನ್ನು ತರಗತಿಯಲ್ಲಿ ತೋರಿಸುವ ಅಗತ್ಯವೂ ಇಲ್ಲ. ನಿಯಮ ಕಾಗದದ ಮೇಲೆ ಬಂದರೆ ಸಾಕು.

ಪಠ್ಯಪುಸ್ತಕದ ಚರಾಕ್ಷರಗಳ ಬದಲು ಮೊದಲಿಗೆ ಆಯಾ ಪದದ ಅಕ್ಷರವನ್ನೇ ಬಳಸಿದೆವು: ತಿಂಗಳಿಗೆ ‘ತಿ’, ಶಕ್ತಿಗೆ ‘ಶ’, ವರ್ಷಕ್ಕೆ ‘ವ’, ಅಶಾಂತಿಗೆ ‘ಅ’. ಚರಾಕ್ಷರ ಎಂದರೆ ಒಂದು ಪರಿಮಾಣದ ಹೆಸರು ಎಂಬುದು ಇದರಿಂದ ಬೇಗ ತಲುಪಿತು. ಗ್ರಾಫ್ ಎಳೆಯುವ ಹೊತ್ತಿಗೆ ಮಕ್ಕಳೇ ಪಠ್ಯದ ಚರಾಕ್ಷರಗಳಿಗೆ ಬದಲಾಯಿಸಿಕೊಂಡರು.

ಮೊದಲ ಅವಧಿ: ಆರು ಗುಂಪು, ಆರು ಕ್ರಮ

ತೊಡಗಿಸಿಕೊಳ್ಳುವಿಕೆಯ ಹಂತದಲ್ಲಿ ಸನ್ನಿವೇಶ ಕೊಟ್ಟೆ. ನೀವು ಒಂದು ರಾಜ್ಯದ ಮಂತ್ರಿಗಳು. ಯುದ್ಧ ಮುಗಿದಿದೆ, ಮೂರು ಪ್ರಾಂತ್ಯಗಳು ಕೈಗೆ ಬಂದಿವೆ. ಹಳದಿ ಕಾರ್ಡಿನ ಪ್ರಾಂತ್ಯ 8 ಅಂಕದ್ದು, ಹಸಿರು 12, ಕೆಂಪು 20. ಬೊಕ್ಕಸದಲ್ಲಿ 80 ಆಡಳಿತ ಶಕ್ತಿ ಇದೆ. ದೊರೆಯ ಸಾಮರ್ಥ್ಯ 4, ಮಂತ್ರಿಯದು 1, ಮೂಲ 3; ತಿಂಗಳಿಗೆ 8 ಹುಟ್ಟುತ್ತದೆ.

ಮಕ್ಕಳು ಬರೆದ ಸಮೀಕರಣ: ಶ = 80 + 8ತಿ. ಮೂರೂ ಪ್ರಾಂತ್ಯಗಳಿಗೆ ಬೇಕಾದದ್ದು 80 + 120 + 200 = 400. ಆದ್ದರಿಂದ 80 + 8ತಿ = 400, ತಿ = 40 ತಿಂಗಳು. ಇಲ್ಲಿಯವರೆಗೆ ಇದು ಮಾಮೂಲಿ ಲೆಕ್ಕ.

ಅನ್ವೇಷಣೆಯ ಹಂತದಲ್ಲಿ ಪ್ರಶ್ನೆ ಬದಲಾಯಿಸಿದೆ: ಮೂರರಲ್ಲಿ ಯಾವುದನ್ನು ಮೊದಲು ಸೇರಿಸಬೇಕು? ಮೂರು ಕಾರ್ಡುಗಳನ್ನು ಜೋಡಿಸುವ ಕ್ರಮಗಳು ಆರು. ಆರು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಕ್ರಮ ಕೊಟ್ಟೆ. ಅಳತೆಗೆ ಒಂದು ನಿಯಮ: ಪ್ರತಿ ತಿಂಗಳೂ ಇನ್ನೂ ಸೇರದೆ ಉಳಿದ ಅಂಕಗಳನ್ನು ಕೂಡಿಸುತ್ತ ಹೋಗುವುದು. ಇದಕ್ಕೆ ಮಕ್ಕಳು ‘ಬಾಕಿ ಹೊರೆ’ ಎಂದು ಹೆಸರಿಟ್ಟರು. ಯಾರ ಹೊರೆ ಕಡಿಮೆಯೋ ಅವರು ಜಾಣ ಮಂತ್ರಿಗಳು.

ಹಳದಿ, ಹಸಿರು, ಕೆಂಪು ಕ್ರಮದ ಗುಂಪಿಗೆ ಹಳದಿ ಮೊದಲ ದಿನವೇ ಸೇರಿತು. ಮುಂದಿನ 15 ತಿಂಗಳು 32 ಅಂಕ ಬಾಕಿ, ಅಂದರೆ 480. ಹಸಿರು ಸೇರಿದ ಮೇಲೆ 25 ತಿಂಗಳು 20 ಅಂಕ ಬಾಕಿ, ಅಂದರೆ 500. ಒಟ್ಟು 980. ಕೆಂಪು, ಹಳದಿ, ಹಸಿರು ಕ್ರಮದವರು 15 ತಿಂಗಳು ಕಾಯಬೇಕಾಯಿತು, ಅಷ್ಟೂ ಕಾಲ 40 ಅಂಕ ಬಾಕಿ: 600. ನಂತರ 10 ತಿಂಗಳು 20ರಂತೆ 200, ಕೊನೆಯ 15 ತಿಂಗಳು 12ರಂತೆ 180. ಒಟ್ಟು 980. ಹಸಿರಿನಿಂದ ಆರಂಭಿಸಿದ ಗುಂಪು 5 ತಿಂಗಳು 40, 10 ತಿಂಗಳು 28, 25 ತಿಂಗಳು 20 ಎಂದು ಕೂಡಿಸಿ ಅದೇ 980ಕ್ಕೆ ಬಂದಿತು. ಆರೂ ಗುಂಪುಗಳ ಉತ್ತರ ಒಂದೇ.

ತರಗತಿಯಲ್ಲಿ ಗಲಾಟೆಯೇ ಆಯಿತು. ಪಕ್ಕದ ಗುಂಪು ನೋಡಿ ಬರೆದಿದೆ ಎಂಬ ದೂರು ಎರಡು ಕಡೆಯಿಂದ ಬಂತು. ಉತ್ತರವನ್ನು ನಾನು ಹೇಳದೆ, ‘ಹೀಗೇಕಾಯಿತು?’ ಎಂದು ಕೇಳಿ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿ, ‘ಮಿಸ್, ದೊಡ್ಡದಕ್ಕೆ ಜಾಸ್ತಿ ಕಾಯಬೇಕು, ಆದರೆ ಅದು ಹೋದಾಗ ಹೊರೆಯೂ ಅಷ್ಟೇ ಜಾಸ್ತಿ ಇಳಿಯುತ್ತೆ. ಸರಿಗೆ ಸರಿ’ ಎಂದ. ವೆಚ್ಚ ಅಂಕಕ್ಕೆ ನೇರ ಅನುಪಾತದಲ್ಲಿದೆ, ಪ್ರತಿ ಅಂಕಕ್ಕೂ 10. ಆದ್ದರಿಂದ ಕ್ರಮ ಬದಲಿಸಿದರೂ ಮೊತ್ತ ಬದಲಾಗುವುದಿಲ್ಲ. ಅನುಪಾತದ ಮಾತನ್ನು ಅವನ ವಾಕ್ಯಕ್ಕೆ ಜೋಡಿಸಿ ಕರಿಹಲಗೆಯ ಮೇಲೆ ಬರೆದೆ.

ಅದೇ ಹುಡುಗ ಮುಂದುವರಿದು, ‘ಹಾಗಾದರೆ ಸಣ್ಣದನ್ನೇ ಮೊದಲು ಸೇರಿಸಬೇಕು, ಮೊದಲ ದಿನವೇ ಒಂದು ಕಡೆ ಶಾಂತಿ’ ಎಂದಾಗ ಇನ್ನೊಬ್ಬಳು, ‘ಆದರೆ ಕೆಂಪು 40 ತಿಂಗಳು ಕಾಯಬೇಕಲ್ಲ’ ಎಂದಳು. ಮೊತ್ತ ಸಮವಾದರೂ ಕಾಯುವ ಪಾಲು ಯಾರ ತಲೆಗೆ ಬೀಳುತ್ತದೆ ಎಂಬುದು ಬೇರೆ. ಇದನ್ನು ಮೂರನೇ ಅವಧಿಗೆ ಕಾದಿರಿಸಿದೆ.

ವಿಸ್ತರಣೆಯಾಗಿ ದೊರೆ ಬದಲಾದರೆ ಏನಾಗುತ್ತದೆ ಎಂದು ಕೇಳಿದೆ. ಸಾಮರ್ಥ್ಯ 0 ಇರುವ ದೊರೆ ಬಂದರೆ ಶ = 80 + 4ತಿ; ಅದೇ ಕೆಲಸಕ್ಕೆ 80 ತಿಂಗಳು. ಎರಡು ರೇಖೆಗಳೂ ಒಂದೇ ಬಿಂದುವಿನಿಂದ ಹೊರಡುತ್ತವೆ, ಇಳಿಜಾರು ಮಾತ್ರ ಅರ್ಧ. ಇಳಿಜಾರು ಎಂದರೆ ‘ತಿಂಗಳಿಗೆ ಎಷ್ಟು’ ಎಂಬುದೇ ಎಂದು ಮಕ್ಕಳು ನಕ್ಷೆಯಿಂದ ಓದಿ ಹೇಳಿದರು.

ಎರಡನೇ ಅವಧಿ: ಇಳಿಯುವ ರೇಖೆ, ಸಮಾಂತರ ರೇಖೆ

ಈ ಅವಧಿಯ ವಸ್ತು ಅಶಾಂತಿ. ಗೆದ್ದ ದಿನ 30 ವರ್ಷಗಳ ಪ್ರತ್ಯೇಕತಾ ಭಾವ, ವರ್ಷಕ್ಕೆ 0.5ರಂತೆ ಅಶಾಂತಿ 15. ಪ್ರತಿ ವರ್ಷ 0.5 ಇಳಿಯುತ್ತದೆ. ಅ = 15 − 0.5ವ. ಮಕ್ಕಳು (0, 15), (10, 10), (20, 5), (30, 0) ಬಿಂದುಗಳನ್ನು ಗುರುತಿಸಿ ರೇಖೆ ಎಳೆದರು. ಋಣ ಇಳಿಜಾರಿನ ಅರ್ಥವನ್ನು ಇದಕ್ಕಿಂತ ಸುಲಭವಾಗಿ ಹೇಳುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ನಂತರ ಸ್ವಾಯತ್ತತೆಯ ಆಯ್ಕೆ. ಪ್ರಾಂತ್ಯದ ಪೂರ್ಣ ತೆರಿಗೆ ವರ್ಷಕ್ಕೆ 12 ನಾಣ್ಯ, ಈಗಿರುವ ಸ್ವಾಯತ್ತತೆ ಶೇ. 50 ಎಂದಿಟ್ಟುಕೊಂಡರೆ ದೊರೆಗೆ ಬರುವುದು 6. ಇನ್ನೂ ಶೇ. 25 ಕೊಟ್ಟರೆ ಬರುವುದು 3. ಬದಲಿಗೆ ಅಶಾಂತಿ 10 ಇಳಿದು ಅ = 5 − 0.5ವ ಆಗುತ್ತದೆ. ಇಳಿಕೆ ಉದ್ದಕ್ಕೂ ಹಾಗೆಯೇ ಉಳಿಯುತ್ತದೆ ಎಂದು ತರಗತಿಯ ಮಟ್ಟಿಗೆ ಒಪ್ಪಿಕೊಂಡೆವು. ಎರಡು ರೇಖೆಗಳೂ ಸಮಾಂತರ: ಇಳಿಜಾರು ಒಂದೇ, ಆರಂಭ ಬೇರೆ. ಒಂದು 30ನೇ ವರ್ಷಕ್ಕೆ ಸೊನ್ನೆ ಮುಟ್ಟಿದರೆ ಇನ್ನೊಂದು 10ನೇ ವರ್ಷಕ್ಕೇ ಮುಟ್ಟುತ್ತದೆ. ಇಪ್ಪತ್ತು ವರ್ಷ ಮುಂಚಿನ ಶಾಂತಿಗೆ ವರ್ಷಕ್ಕೆ 3 ನಾಣ್ಯ ಬಿಟ್ಟುಕೊಡಬಹುದೇ? ನಾಲ್ಕು ಗುಂಪು ಹೌದೆಂದವು, ಎರಡು ಇಲ್ಲವೆಂದವು. ಇಲ್ಲವೆಂದವರ ಕಾರಣ: ಆ 3 ನಾಣ್ಯದಲ್ಲಿ ಸೈನಿಕರನ್ನು ಇಟ್ಟುಕೊಳ್ಳಬಹುದು.

ಕೊನೆಗೆ ಸಾಮಂತನ ದಾರಿ. ಒಟ್ಟು 40 ಅಂಕಗಳಲ್ಲಿ ನೇರವಾಗಿ ಸೇರಿಸುವುದು ‘ನೇ’, ಸಾಮಂತನಿಗೆ ಕೊಡುವುದು ‘ಸಾ’ ಆದರೆ ನೇ + ಸಾ = 40. ನೇ = 20, ಸಾ = 20 ಆದರೆ ಆಡಳಿತ ಶಕ್ತಿ 200, ರಾಜತಾಂತ್ರಿಕ ಶಕ್ತಿ 160. ನೇ = 8, ಸಾ = 32 ಆದರೆ 80 ಮತ್ತು 256. ಒಂದೇ ಸಮೀಕರಣಕ್ಕೆ ಹತ್ತಾರು ಉತ್ತರ, ಎಲ್ಲವೂ ಸರಿ. ‘ಸರಿ ಉತ್ತರ ಯಾವುದು ಮಿಸ್?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಒಂದು ಸಮೀಕರಣ ಮಾತ್ರ ಇದ್ದಾಗ ಅದು ತೀರ್ಮಾನ ಕೊಡುವುದಿಲ್ಲ, ಆಯ್ಕೆಗಳ ಪಟ್ಟಿ ಕೊಡುತ್ತದೆ. ತೀರ್ಮಾನಕ್ಕೆ ಇನ್ನೊಂದು ಷರತ್ತು ಬೇಕು. ಹತ್ತನೇ ತರಗತಿಯ ಸಮೀಕರಣಗಳ ಜೋಡಿಗೆ ಇದು ಸಹಜವಾದ ಮೆಟ್ಟಿಲು.

ಮೂರನೇ ಅವಧಿ: ರೇಖೆಯ ಪಕ್ಕದಲ್ಲಿ ಚರಿತ್ರೆ

ಈ ಅವಧಿ ಬೇಕೇ ಎಂದು ಪಾಠ ಯೋಜನೆಯ ಪರಿಶೀಲನೆಯಲ್ಲಿ ಮಾರ್ಗದರ್ಶಕರು ಕೇಳಿದ್ದರು. ಗಣಿತದ ಉದ್ದೇಶ ಎರಡು ಅವಧಿಗೇ ಮುಗಿಯುತ್ತದೆ ಎಂಬುದು ಅವರ ಅಭಿಪ್ರಾಯ. ದಂಡೆತ್ತಿ ಹೋಗಿ ಊರು ಹಿಡಿಯುವ ಆಟವನ್ನು ಶಾಲೆಗೆ ತರುವುದು ಸರಿಯೇ ಎಂಬುದು ಅವರ ಇನ್ನೊಂದು ಪ್ರಶ್ನೆ. ಎರಡಕ್ಕೂ ನನ್ನ ಉತ್ತರ ಒಂದೇ ಆಗಿತ್ತು. ಎರಡು ಅವಧಿಗೇ ನಿಲ್ಲಿಸಿದರೆ ‘ಸೋತ ಜನ 30 ವರ್ಷಕ್ಕೆ ತಾವಾಗಿಯೇ ಮರೆಯುತ್ತಾರೆ’ ಎಂಬುದು ಗಣಿತ ಸಾಬೀತು ಮಾಡಿದ ಸತ್ಯವೆಂದು ಮಕ್ಕಳ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮೂರನೇ ಅವಧಿ ಇದ್ದರೆ ಮಾತ್ರ ಈ ಪಾಠ ಶಾಲೆಗೆ ಯೋಗ್ಯ. ಅವರು ಒಪ್ಪಿ, ಸಮಾಜ ವಿಜ್ಞಾನದ ಸಹ ಪ್ರಶಿಕ್ಷಣಾರ್ಥಿಯೊಬ್ಬರೂ ಜೊತೆಗಿರಲಿ ಎಂದರು.

ಹೋಲಿಕೆಗೆ ಆರಿಸಿಕೊಂಡದ್ದು ಒಟ್ಟೋಮನ್ ತುರ್ಕರ ಆಳ್ವಿಕೆಯ ಅಲ್ಬೇನಿಯ. ಇತಿಹಾಸಕಾರ ಹಾಲಿಲ್ ಇನಾಲ್ಜಿಕ್ ಅವರು ಒಟ್ಟೋಮನ್ನರ ವಿಜಯದ ಕ್ರಮಗಳ ಬಗ್ಗೆ 1954ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಎರಡು ಹಂತಗಳನ್ನು ಗುರುತಿಸಿದರು: ಮೊದಲು ಸ್ಥಳೀಯ ಅರಸನನ್ನು ಸಾಮಂತನಾಗಿ ಉಳಿಸಿಕೊಳ್ಳುವುದು, ಆಮೇಲೆ ಅವನ ಮನೆತನವನ್ನು ತೆಗೆದು ನೇರ ಆಡಳಿತ ತರುವುದು. ಸರ್ಬಿಯ ಇದಕ್ಕೆ ನಿದರ್ಶನ. 1389ರ ಕೊಸೊವೊ ಕದನದ ನಂತರ ಸಾಮಂತವಾದ ಆ ರಾಜ್ಯ ಪೂರ್ತಿಯಾಗಿ ಕೈವಶವಾದದ್ದು 1459ರಲ್ಲಿ. ಆಟದ ಸಾಮಂತ ನಿಯಮವನ್ನು ಇದರೊಂದಿಗೆ ಹೋಲಿಸಬಹುದು.

ನೇರ ಆಡಳಿತದ ಮೊದಲ ಕೆಲಸ ಲೆಕ್ಕ. ಗುಮಾಸ್ತರು ಊರೂರಿಗೆ ಹೋಗಿ ಮನೆಗಳು, ಯಜಮಾನರ ಹೆಸರು, ಬರಬೇಕಾದ ತೆರಿಗೆ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕಗಳ ಹೆಸರು ‘ತಹ್ರೀರ್ ದಫ್ತರ್’. ನಮ್ಮ ಕಚೇರಿಗಳ ‘ದಫ್ತರ’ವೂ ಅದೇ ಮಾತು. ಆ ತೆರಿಗೆಯ ಹಕ್ಕನ್ನು ‘ತಿಮಾರ್’ ಎಂದು ಕುದುರೆ ಸವಾರರಿಗೆ ಹಂಚುತ್ತಿದ್ದರು, ಪ್ರತಿಯಾಗಿ ಅವರು ಯುದ್ಧಕ್ಕೆ ಬರಬೇಕು. ಹಳೆಯ ಕ್ರೈಸ್ತ ಯೋಧರಲ್ಲಿ ಕೆಲವರಿಗೂ ತಿಮಾರ್ ಸಿಕ್ಕಿತು. ಉಳಿದುಬಂದಿರುವ ಅತ್ಯಂತ ಹಳೆಯ ದಫ್ತರಗಳಲ್ಲಿ ಒಂದು 1431–32ರ ಅಲ್ಬೇನಿಯದ್ದು. ಆಟದ ‘ಕೋರ್ ಮಾಡುವುದು’ ಎಂಬ ಒಂದು ಗುಂಡಿಯ ಹಿಂದೆ ನಿಜದಲ್ಲಿ ಇದ್ದದ್ದು ಈ ಪುಸ್ತಕ, ಈ ಗುಮಾಸ್ತ, ಈ ಮನೆಬಾಗಿಲು.

ಇನ್ನು ಚಟುವಟಿಕೆ. ಹಿಂದಿನ ದಿನದ ನಕ್ಷಾಹಾಳೆಯನ್ನೇ ತೆಗೆಸಿದೆ. 1431ನ್ನು ವ = 0 ಎಂದು ಹಿಡಿದು, ನಡೆದ ಸಂಗತಿಗಳನ್ನು ವರ್ಷದ ಅಕ್ಷದ ಮೇಲೆ ಗುರುತಿಸಲು ಹೇಳಿದೆ.

ವ = 1ರಿಂದ 5: ದಫ್ತರ ಬಂದ ಬೆನ್ನಿಗೇ ಜಮೀನು ಕಳೆದುಕೊಂಡ ಸ್ಥಳೀಯ ಮುಖಂಡರ ದಂಗೆ, ಮುಂದಾಳು ಅರಿಯನಿತಿ. ವ = 12: 1443ರ ನವೆಂಬರಿನಲ್ಲಿ ಸ್ಕಾಂಡರ್‌ಬೆಗ್ ಎಂದು ಹೆಸರಾದ ಕಸ್ತ್ರಿಯೋಟಿ ಒಟ್ಟೋಮನ್ ಸೇನೆಯನ್ನು ಬಿಟ್ಟುಬಂದು ಕ್ರುಯೆ ಕೋಟೆ ಹಿಡಿದ. ವ = 13: 1444ರ ಮಾರ್ಚಿನಲ್ಲಿ ಲೆಜ್ಹೆ ಎಂಬಲ್ಲಿ ಅಲ್ಬೇನಿಯದ ಮುಖಂಡರ ಒಕ್ಕೂಟ. ವ = 19: 1450ರಲ್ಲಿ ಸುಲ್ತಾನ ಎರಡನೇ ಮುರಾದನ ಮುತ್ತಿಗೆ, ಕೋಟೆ ಬೀಳಲಿಲ್ಲ. ವ = 35: 1466ರಲ್ಲಿ ಎರಡನೇ ಮೆಹ್ಮದನ ಮುತ್ತಿಗೆ, ಆಗಲೂ ಬೀಳಲಿಲ್ಲ. ವ = 37: 1468ರ ಜನವರಿಯಲ್ಲಿ ಸ್ಕಾಂಡರ್‌ಬೆಗ್‌ನ ಸಾವು. ವ = 47: 1478ರಲ್ಲಿ ಕ್ರುಯೆಯ ಪತನ.

ಸಮೀಕರಣದ ಪ್ರಕಾರ ವ = 12ರಲ್ಲಿ ಅಶಾಂತಿ 9ಕ್ಕೆ ಇಳಿದಿರಬೇಕು. ಆದರೆ ದೊಡ್ಡ ದಂಗೆ ಎದ್ದದ್ದೇ ಆಗ. ವ = 30, ಅಂದರೆ 1461ಕ್ಕೆ ಸೊನ್ನೆಯಾಗಬೇಕು. ಆಗಲೂ ಕ್ರುಯೆ ಸ್ಕಾಂಡರ್‌ಬೆಗ್‌ನ ಕೈಯಲ್ಲೇ ಇತ್ತು. ಅದರ ನಂತರ ಐದೇ ವರ್ಷಕ್ಕೆ, ಕಾನ್‌ಸ್ಟಾಂಟಿನೋಪಲ್ ಗೆದ್ದಿದ್ದ ಸುಲ್ತಾನನೇ ಖುದ್ದಾಗಿ ಬರಬೇಕಾಯಿತು. ಹಾಳೆಯ ಮೇಲೆ ರೇಖೆ ಇಳಿದು ಅಕ್ಷ ಸೇರಿದ ಮೇಲೂ ಘಟನೆಯ ಗುರುತುಗಳು ಬಲಕ್ಕೆ ಹೋಗುತ್ತಲೇ ಇದ್ದವು. ಕೆಲವರಿಗೆ ಅಕ್ಷ ಸಾಲದೆ ಇನ್ನೊಂದು ಹಾಳೆ ಅಂಟಿಸಿದರು. ಆ ಅಂಟಿಸಿದ ಹಾಳೆಯೇ ಆ ದಿನದ ಒಳ್ಳೆಯ ಬೋಧನೋಪಕರಣ.

ಸ್ಕಾಂಡರ್‌ಬೆಗ್‌ನ ಹಿನ್ನೆಲೆ ಹೇಳಿದಾಗ ಚರ್ಚೆ ಬಿರುಸಾಯಿತು. ಅವನು ಅಲ್ಬೇನಿಯದ ಒಬ್ಬ ಮುಖಂಡನ ಮಗ. ಒತ್ತೆಯಾಗಿ ಸುಲ್ತಾನನ ಆಸ್ಥಾನ ಸೇರಿ, ಅಲ್ಲೇ ಬೆಳೆದು, ಒಟ್ಟೋಮನ್ ಸೇನೆಯಲ್ಲಿ ಅಧಿಕಾರಿಯಾಗಿದ್ದ. ಆಟದ ಲೆಕ್ಕದಲ್ಲಿ ಅವನಷ್ಟು ಪೂರ್ತಿಯಾಗಿ ‘ಸೇರಿಕೊಂಡವರು’ ಬೇರೆ ಇರಲಾರರು. ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಮಿಸ್, ನೆಲ ಸೇರಿಸ್ಕೊಂಡ್ರು, ಮನಸ್ಸು ಸೇರಿಸ್ಕೊಳ್ಳೋಕೆ ಎಷ್ಟು ಅಂಕ ಅಂತ ಆಟದಲ್ಲಿ ಇದೆಯಾ?’ ಎಂದು ಕೇಳಿದಳು. ಆಟದಲ್ಲಿ ಸಂಸ್ಕೃತಿ, ಧರ್ಮಗಳಿಗೂ ಅಂಕಗಳಿವೆ, ಆದರೆ ಅವೆಲ್ಲ ಆಳುವವನ ಕಡೆಯಿಂದ ಎಣಿಸಿದವು ಎಂದು ಉತ್ತರಿಸಿದೆ. ಊರಿನವನ ಪಾತ್ರ ಆಡಲು ಆ ಆಟದಲ್ಲಿ ಅವಕಾಶವಿಲ್ಲ.

ಹಾಗೆಂದು ಮಾದರಿ ಪೂರ್ತಿ ಸುಳ್ಳೆಂಬ ಭಾವನೆಯೂ ಬರಬಾರದು. ಗೆದ್ದ ಮೊದಲ ವರ್ಷಗಳೇ ಅಪಾಯದವು, ಆಡಳಿತದ ಶಕ್ತಿಗೆ ಮಿತಿಯಿದೆ, ಸ್ವಾಯತ್ತತೆ ಕೊಟ್ಟರೆ ಕೋಪ ತಗ್ಗುತ್ತದೆ, ಆದಾಯ ಕಡಿಮೆಯಾಗುತ್ತದೆ ಎಂಬ ಮೂರು ಮಾತನ್ನೂ ಚರಿತ್ರೆ ಅನೇಕ ಕಡೆ ಒಪ್ಪುತ್ತದೆ. ತಿಮಾರ್ ಪಡೆದ ಕ್ರೈಸ್ತ ಸವಾರರು ಅದಕ್ಕೆ ಸಾಕ್ಷಿ. ಒಪ್ಪದಿರುವುದು ಎಲ್ಲ ಊರಿಗೂ ಒಂದೇ ಇಳಿಜಾರು, ಒಂದೇ 30 ವರ್ಷ ಎಂಬುದನ್ನು.

ಮಕ್ಕಳ ಪ್ರಶ್ನೆಗಳು

‘ನಮ್ಮ ಕಡೆಯೂ ಯಾರಾದರೂ ಹೀಗೆ ಲೆಕ್ಕ ಹಾಕಿದ್ದರಾ?’ ಎಂಬ ಪ್ರಶ್ನೆಗೆ ಸಹ ಪ್ರಶಿಕ್ಷಣಾರ್ಥಿ ಉತ್ತರಿಸಿದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದಾಗ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೊ. 1800ರಲ್ಲಿ ನಿಜಾಮನು ಬಳ್ಳಾರಿ ಸೇರಿದಂತೆ ಕೆಲವು ಪ್ರಾಂತ್ಯಗಳನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅದೇ ಮನ್ರೊ 1807ರವರೆಗೆ ಅಲ್ಲಿದ್ದು ಹೊಲಗಳನ್ನು ಅಳೆಸಿ ಕಂದಾಯ ಕಟ್ಟಿದ. ಪಾಳೆಯಗಾರರ ಬಲ ಮುರಿದ. ಅಲ್ಬೇನಿಯದ ದಫ್ತರ, ಬಳ್ಳಾರಿಯ ಹೊಲದ ಅಳತೆ ಎರಡರ ಆರಂಭವೂ ಒಂದೇ: ಕತ್ತಿ ಒರೆ ಸೇರಿದ ಮೇಲೆ ಲೇಖನಿ ಹೊರಬರುತ್ತದೆ.

ಮೊದಲ ಅವಧಿಯ ಕೆಂಪು ಕಾರ್ಡಿನ ಪ್ರಶ್ನೆಗೂ ಇಲ್ಲಿ ಮರಳಿದೆವು. ಕೊನೆಯಲ್ಲಿ ಸೇರುವ ಪ್ರಾಂತ್ಯ 40 ತಿಂಗಳು ಯಾರದೂ ಅಲ್ಲದ ಸ್ಥಿತಿಯಲ್ಲಿರುತ್ತದೆ. ಅಲ್ಲಿ ತಂಟೆ ಬಂದರೆ ಜನ ಯಾರ ಬಳಿ ಹೋಗಬೇಕು? 980 ಎಂಬ ಮೊತ್ತ ಇದನ್ನು ಹೇಳುವುದಿಲ್ಲ. ಮೊತ್ತ ಮತ್ತು ಹಂಚಿಕೆ ಬೇರೆ ಬೇರೆ ಎಂಬ ಈ ಅರಿವು ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಕಲಿಸುವಾಗ ಮತ್ತೆ ಉಪಯೋಗಕ್ಕೆ ಬರುತ್ತದೆ.

ಮೌಲ್ಯಮಾಪನ

ಚಟುವಟಿಕೆ ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಮೊದಲ ಮೂರು ಸಮೀಕರಣ ಬರೆಯುವುದು, ನಕ್ಷೆ ಎಳೆಯುವುದು, ಮೂರು ಪರಿಹಾರ ಕೊಡುವುದು. ನಾಲ್ಕನೆಯದು: ಅ = 15 − 0.5ವ ಎಂಬುದಕ್ಕೆ ಇನ್ನೊಂದು ಚರಾಕ್ಷರ ಸೇರಿಸುವುದಾದರೆ ಯಾವುದನ್ನು ಸೇರಿಸುತ್ತೀರಿ, ಏಕೆ?

ಬಂದ ಉತ್ತರಗಳಲ್ಲಿ ಕೆಲವು: ಆ ವರ್ಷದ ಮಳೆ ಬೆಳೆ, ತೆರಿಗೆ ಏರಿಸಿದ್ದು, ಊರಿನಿಂದ ಎಷ್ಟು ಮಕ್ಕಳನ್ನು ಒತ್ತೆ ಕರೆದೊಯ್ದರು ಎಂಬುದು, ಹೊರಗಿನವರ ಸಹಾಯ. ಕೊನೆಯದನ್ನು ಬರೆದ ವಿದ್ಯಾರ್ಥಿಗೆ ಸ್ಕಾಂಡರ್‌ಬೆಗ್‌ನಿಗೆ 1451ರ ಒಪ್ಪಂದದ ಮೇಲೆ ನೇಪಲ್ಸ್‌ನ ಅರಸ ಆಲ್ಫೊನ್ಸೊ ನೆರವಾಗಿದ್ದನ್ನು ಹೇಳಿದೆ. ಒಬ್ಬಳು ಚರಾಕ್ಷರವನ್ನೇ ಸೇರಿಸದೆ, 0.5 ಎಂಬುದನ್ನು ‘ಕ’ ಎಂದು ಬದಲಾಯಿಸಿ, ‘ಇದು ಊರಿಂದ ಊರಿಗೆ ಬೇರೆ’ ಎಂದು ಬರೆದಿದ್ದಳು. ಸ್ಥಿರಾಂಕವನ್ನು ಅಕ್ಷರದಿಂದ ಸೂಚಿಸುವ ಹೆಜ್ಜೆಯನ್ನು ಯಾರೂ ಹೇಳಿಕೊಡದೆಯೇ ಅವಳು ಇಟ್ಟಿದ್ದಳು.

ಈ ಪಾಠವನ್ನು ಬಳಸುವವರಿಗೆ

ಆಟದ ಗೊತ್ತಿಲ್ಲದವರೂ ಈ ಪಾಠ ಮಾಡಬಹುದು. ಮೇಲಿನ ಸಂಖ್ಯೆಗಳೇ ಸಾಕು. ಆಟದ ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ, 2025ರಲ್ಲಿ ಐದನೆಯ ಭಾಗವೂ ಬಂದಿದೆ. ತರಗತಿಗೆ ಒಂದು ಸರಳ ಪಟ್ಟಿಗೆ ಅಂಟಿಕೊಳ್ಳುವುದು ಒಳಿತು.

ಆರು ಕ್ರಮಗಳ ಲೆಕ್ಕಕ್ಕೆ ಪೂರ್ತಿ 20 ನಿಮಿಷ ಕೊಡಬೇಕು. ಉತ್ತರ ಒಂದೇ ಬರುತ್ತದೆ ಎಂದು ಮೊದಲೇ ಹೇಳಿದರೆ ಪಾಠದ ಜೀವ ಹೋಗುತ್ತದೆ. ಸಂಖ್ಯೆ ಬದಲಾಯಿಸುವವರು ಕೈಯಲ್ಲಿರುವ ಆರಂಭದ ಶಕ್ತಿ ಅತಿ ಸಣ್ಣ ಪ್ರಾಂತ್ಯದ ವೆಚ್ಚವನ್ನು ಮೀರದಂತೆ ನೋಡಿಕೊಳ್ಳಿ. ಮೀರಿದರೆ ಮೊತ್ತಗಳು ಸಮ ಬರುವುದಿಲ್ಲ.

ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ನಾವು ಹಿಡಿದ ಊರು’ ಎಂದು ಮಕ್ಕಳು ಬೇಗ ಹೇಳತೊಡಗುತ್ತಾರೆ. ಮೂರನೇ ಅವಧಿಯಲ್ಲಿ ಎರಡು ಗುಂಪುಗಳಿಗೆ ಮಂತ್ರಿಯ ಪಾತ್ರ ತೆಗೆದು ಊರಿನವರ ಪಾತ್ರ ಕೊಡುವುದು ಒಳ್ಳೆಯದೆಂದು ವೀಕ್ಷಕರು ಸೂಚಿಸಿದ್ದಾರೆ. ದಫ್ತರದ ಗುಮಾಸ್ತ ಬಾಗಿಲಿಗೆ ಬಂದಾಗ ಎಷ್ಟು ಎಮ್ಮೆ ಇವೆ ಎಂದು ನಿಜ ಹೇಳುತ್ತೀರೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಅವರಿಗೆ ಸಾಕು. ಅವರು ಕೊಡುವ ಉತ್ತರದ ಮೇಲೆ ಮಂತ್ರಿಗಳ ಸಮೀಕರಣದ ಮೊದಲ ಸಂಖ್ಯೆ ನಿಂತಿರುತ್ತದೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಈ ಭಾಗವನ್ನು ಪ್ರತ್ಯೇಕ ಪಾಠವಾಗಿ ಬೆಳೆಸಿದರೆ ಎರಡೂ ವಿಷಯಗಳಿಗೆ ಅನುಕೂಲ.